ಕೆಂಪು ನೂಲಿನ ಖೂನ

ನಮ್ಮ ಕಡೆ ಖೂನ ಅಂದರೆ ಗುರುತು. ಅದಕ್ಕೆ ಒಂದು ಗುಡಿಸು ಹತ್ತಿ ಖೂನಿ ಆದರೆ ಕೊಲೆ. ಆ ಗುಡಿಸಿನ ಅಂತರ ಎಷ್ಟು ಸಣ್ಣದು ಎಂಬುದನ್ನು ನಾನು ಬೆಟಗೇರಿಯ ಗಂಡನ ಮನೆಯಲ್ಲಿ ಕಲಿತೆ.

ಸ್ವಾತಂತ್ರ್ಯ ಬಂದಿತ್ತು, ಏಕೀಕರಣ ಇನ್ನೂ ಆಗಿರಲಿಲ್ಲ. ವಾಚನಾಲಯಕ್ಕೆ ಧಾರವಾಡದಿಂದ ಹೊಸ ಕಾದಂಬರಿಗಳ ಕಟ್ಟು ಬಂತೆಂದರೆ, ಜೋಳದ ಚೀಲ ಹರಿದಲ್ಲಿ ಕೋಳಿ ಬಿದ್ದ ಹಾಗೆ ಗಂಡಸರು ಮೇಲೆ ಬೀಳುತ್ತಿದ್ದರು. ಮೊದಲು ಕೈ ಇಟ್ಟವನಿಗೇ ಪುಸ್ತಕ ಎಂಬುದು ಅಲ್ಲಿಯ ರೂಢಿ. ಆ ಸಲ ನನ್ನ ಗಂಡ ಒಬ್ಬನ ಬಾಯಿಗೆ ಮೊಣಕೈಯಿಂದ ತಿವಿದು, ಹಲ್ಲು ಉದುರಿಸಿ, ಒಂದು ಕೊಲೆಯ ಕಾದಂಬರಿ ಗೆದ್ದು ತಂದ. ಹುಲಿ ಹೊಡೆದವನ ಹಾಗೆ ಮನೆಯಲ್ಲಿ ಹೇಳಿಕೊಂಡ.

ಊಟವಾದ ಮೇಲೆ ತುಟಿ ಅಲ್ಲಾಡಿಸುತ್ತ ಅಷ್ಟಷ್ಟೇ ಓದುತ್ತಿದ್ದ. “ಖೂನಿ ಗುಮಾಸ್ತನ ಮಾಡ್ಯಾನ ನೋಡಬೇ” ಎಂದು ತಾಯಿಗೆ ಹೇಳುತ್ತಿದ್ದ. ಹಗಲು ಅವನು ಏಕೀಕರಣದ ಸಭೆ, ಮೆರವಣಿಗೆ ಎಂದು ಹೋದಾಗ ನಾನು ಮಗ್ಗದ ಕಂಡಿಕೆಗೆ ನೂಲು ಸುತ್ತುವುದನ್ನು ಬಿಟ್ಟು ಅದನ್ನೇ ಓದುತ್ತಿದ್ದೆ. ತವರೂರು ಶಿಗ್ಲಿಯಲ್ಲಿ ನಾನು ಶಾಲೆಗೆ ಹೋದವಳೆಂಬುದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಓದು ಬಲ್ಲ ಸೊಸೆ ಎದುರು ಮಾತಾಡುತ್ತಾಳೆಂದು ಬೀಗರು ಹಿಂಜರಿದಾರು ಅಂತ ಅಪ್ಪ ಮುಚ್ಚಿಟ್ಟಿದ್ದ. ಓದು ನಿಲ್ಲಿಸಿದ ಪುಟದಲ್ಲಿ ಕೆಂಪು ನೂಲಿನ ತುಂಡು ಇಡುತ್ತಿದ್ದೆ. ಅದೇ ನನ್ನ ಖೂನ. ಅವನು ಬರುವ ಹೊತ್ತಿಗೆ ಪುಟ ನೆನಪಿಟ್ಟುಕೊಂಡು ಅದನ್ನು ತೆಗೆದುಬಿಡುತ್ತಿದ್ದೆ. ಪುಸ್ತಕ ಮುಗಿದ ದಿನ ಖುಷಿಯಲ್ಲಿ ಅದನ್ನು ತೆಗೆಯಲು ಮರೆತೆ.

ಅವತ್ತು ಸಂಜೆ ಅವನು ಮೆರವಣಿಗೆಯಲ್ಲಿ ಕನ್ನಡ ಕನ್ನಡ ಎಂದು ಒದರಿ, ಗಂಟಲು ಕಟ್ಟಿಸಿಕೊಂಡು ಬಂದ. ಪುಸ್ತಕ ಎತ್ತಿದರೆ ಕೊನೆಯ ಪುಟದಿಂದ ಕೆಂಪು ನೂಲು ಇಣುಕುತ್ತಿತ್ತು.

“ಯಾಂವ ಇಟ್ಟ ಖೂನ ಇದು? ವಾಚನಾಲಯದಾಗ ನಿನಗ ಯಾಂವ ಅದಾನ?”

“ಅದು ನಂದರಿ. ನಾ ಓದೇನಿ.”

“ನಿನಗೆಲ್ಲಿ ಓದಾಕ ಬರತೈತಿ? ಸುಳ್ಳ ಹೇಳತಿ?”

ಕೈಗೆ ಸಿಕ್ಕ ಮಗ್ಗದ ಲಾಳಿಯನ್ನು ಬೀಸಿ ಒಗೆದ. ಅದರ ಕಬ್ಬಿಣದ ಮೂತಿ ಹುಬ್ಬಿನ ಮೇಲೆ ಹೊಕ್ಕಿತು. ಕಣ್ಣೊಳಗೆ ರಕ್ತ ಇಳಿಯಿತು. ಮಗ್ಗದ ಹತ್ತಿರ ಕುಳಿತಿದ್ದ ಅತ್ತೆ ಅಂದದ್ದು ಇಷ್ಟೇ: “ಆಚೆ ಸರಿಯವಾ, ಹಾಸಿನ ಮ್ಯಾಲೆ ರಕ್ತ ಬೀಳತೈತಿ.” ಮಗ್ಗಕ್ಕೆ ಬಿಗಿದ ಆ ನೂಲಿಗಿದ್ದ ಕಿಮ್ಮತ್ತು ನನ್ನ ಹಣೆಗೆ ಇರಲಿಲ್ಲ.

ಅವನು ತುರುಬು ಹಿಡಿದು ನನ್ನ ಮುಖವನ್ನು ಪುಸ್ತಕಕ್ಕೆ ತಿಕ್ಕಿದ. “ಓದು ಹಂಗಾರ, ಕೇಳೋಣು.”

ನನಗೆ ಸಿಟ್ಟು ನೆತ್ತಿಗೇರಿತ್ತು. ಓದಲಿಲ್ಲ, ಹೇಳಿದೆ.

“ಖೂನಿ ಮಾಡಿದಾಂವ ಗುಮಾಸ್ತ ಅಲ್ಲರಿ. ಸತ್ತಾಕಿ ಗಂಡನಽ.”

ಅವನು ಕೊನೆಯ ಪುಟಕ್ಕೆ ಕಣ್ಣು ಹಾಕಿದ. ತುಟಿ ಅಲ್ಲಾಡಿ ನಿಂತಿತು. ನಾನು ಹೇಳಿದ್ದು ಖರೆ ಎಂದು ಗೊತ್ತಾದ ಮೇಲೆಯೇ ಅವನಿಗೆ ನಿಜವಾದ ಸಿಟ್ಟು ಬಂದದ್ದು. ಪುಸ್ತಕ ಹಿಡಿದು ಒಲೆಯ ಕಡೆ ನಡೆದ. ನಾನು ಹಾರಿ ಅವನ ಮುಂಗೈ ಕಚ್ಚಿದೆ. ಅವನು ಬೆನ್ನಿಗೆ ಗುದ್ದುತ್ತಲೇ ಇದ್ದ, ನಾನು ಬಿಡಲಿಲ್ಲ. ಪುಸ್ತಕ ನೆಲಕ್ಕೆ ಬಿದ್ದ ಮೇಲೆ ಬಿಟ್ಟೆ. ಬಾಯಲ್ಲಿ ಅವನ ರಕ್ತದ ಉಪ್ಪು. ಅದಕ್ಕೆ ನನಗೆ ಇವತ್ತಿಗೂ ಕೆಡುಕೆನಿಸುವುದಿಲ್ಲ.

“ಇನ್ನ ಈ ಮನ್ಯಾಗ ಪುಸ್ತಕ ಬರೂದಿಲ್ಲ” ಎಂದು ಅವನು ಕೈ ಹಿಡಿದುಕೊಂಡು ಹೊರಗೆ ಹೋದ.

ಹೇಳೋದು ಪುರಾಣ, ತಿನ್ನೋದು ಬದನೆಕಾಯಿ. ಬೀದಿಯಲ್ಲಿ ಕನ್ನಡಕ್ಕಾಗಿ ಎದೆ ಬಡಿದುಕೊಂಡವ, ಕನ್ನಡ ಓದಿದ್ದಕ್ಕೆ ಹೆಂಡತಿಯನ್ನು ಬಡಿದಿದ್ದ.

ಮರುದಿನ ಗಾಯಕ್ಕೆ ಅರಿಶಿನ ಮೆತ್ತಿಕೊಂಡು, ಪುಸ್ತಕವನ್ನು ಸೆರಗಿನಲ್ಲಿ ಹಿಡಿದು ನಾನೇ ವಾಚನಾಲಯಕ್ಕೆ ಹೋದೆ. ಹೆಂಗಸೊಬ್ಬಳು ಅಲ್ಲಿ ಕಾಲಿಟ್ಟದ್ದನ್ನು ಕಂಡು ಗಂಡಸರು ದಾರಿ ಬಿಟ್ಟರು. ಪುಸ್ತಕ ಕೊಡುವ ಮುದುಕರ ಮುಂದೆ ಅದನ್ನಿಟ್ಟು, ಕಟ್ಟಿನಲ್ಲಿ ಉಳಿದ ಇನ್ನೊಂದು ಹೊಸ ಕಾದಂಬರಿಯ ಮೇಲೆ ಕೈ ಇಟ್ಟೆ.

“ಯಾರ ಹೆಸರಲೆ ಬರಕೊಳ್ಳಲಿ ತಂಗಿ?”

“ನನ್ನ ಹೆಸರಲೆ ಬರಕೊಳ್ರಿ.”

ಅವರು ಬರೆಯುತ್ತ ತಲೆ ಎತ್ತಿದರು. “ಹಣಿಗೆ ಏನಾತವಾ?”

“ಖೂನ ಐತ್ರಿ,” ಅಂದೆ. “ಮುಂದ ಎಲ್ಲಿಂದ ಓದಬೇಕು ಅನ್ನೂದು ಮರೀಬಾರದಲ್ರಿ.”