ತಾಳೆಯಾಗದ ಎರಡು ಚಿತ್ರಗಳು

ಬೆಳಗಿನ ಐದೂವರೆ. ಬಸ್ ಡಿಪೋದ ಎದುರಿನ ಮನೆಯ ಮೂರನೇ ಮಹಡಿ ಕಿಟಕಿಯಲ್ಲಿ ಒಬ್ಬ ಹೆಂಗಸು ಕೂತಿದ್ದಾರೆ. ಕೆಳಗೆ ಬಸ್ಸು ತೊಳೆಯುವವರು ಪೈಪು ಹಿಡಿದು ನಿಂತಿದ್ದಾರೆ. ಇವರ ತೊಡೆಯ ಮೇಲಿನ ಕಾಗದದಲ್ಲಿ ಅವರ ಕೈಗಳಷ್ಟೇ ಮೂಡುತ್ತಿವೆ. ಮುಖ ಬರೆಯುವುದಿಲ್ಲವೇ ಎಂದು ಕೇಳಿದರೆ ತಲೆಯೆತ್ತದೆ ಹೇಳುತ್ತಾರೆ: "ಮುಖ ನಂಬೋ ಹಾಗಿಲ್ಲ. ಕೈ ಸುಳ್ಳು ಹೇಳಲ್ಲ."

ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ಸಹಿ ತಾಳೆ ನೋಡಿದವರು. ದಿನಕ್ಕೆ ಇನ್ನೂರು ಚೆಕ್ಕು, ಇನ್ನೂರು ಅನುಮಾನ. ಸಹೋದ್ಯೋಗಿಗಳು ಇಟ್ಟ ಹೆಸರು 'ಗುಮಾನಿ ಅಕ್ಕ'. ಶಾಲೆಯಲ್ಲಿದ್ದಾಗ ನೋಟ್‌ಬುಕ್ಕಿನ ಹಿಂಬದಿಯೆಲ್ಲ ಚಿತ್ರ. ಅಪ್ಪ ತೀರಿಕೊಂಡು, ಇಪ್ಪತ್ತೆರಡಕ್ಕೆ ಕೆಲಸ ಹಿಡಿದಾಗ ಪೆನ್ಸಿಲು ಕೆಳಗಿಟ್ಟರು. ಮತ್ತೆ ಎತ್ತಿಕೊಂಡದ್ದು ನಿವೃತ್ತಿಯ ಮೂರನೇ ತಿಂಗಳು, ಅದೂ ಕದ್ದುಮುಚ್ಚಿ.

ಜೊತೆಗಿರುವ ತಮ್ಮ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಚೆನ್ನಾಗಿದೆ ಎಂದು ಅವರು ಹೇಳಿದರೂ ಅಕ್ಕನಿಗೆ ಸಂಶಯ. "ಒಡಹುಟ್ಟಿದವನು, ಇನ್ನೇನು ಹೇಳ್ತಾನೆ?"

ತಮ್ಮ ನಗುತ್ತಾರೆ. "ಕನ್ನಡೀಲಿ ತನ್ನ ಮುಖ ಕಂಡ್ರೂ ಗುರುತಿನ ಚೀಟಿ ಕೇಳೋಳು ನಮ್ಮಕ್ಕ!"

ಕಳೆದ ತಿಂಗಳು ಅನುಮಾನ ಅಕ್ಕನ ಕಡೆಗೇ ತಿರುಗಿತು. ಗುರುತಿಲ್ಲದವರ ಕಣ್ಣಿಗೆ ಬೀಳಲಿ ಎಂದು ಬಡಾವಣೆಯ ಗ್ರಂಥಾಲಯದ ಪ್ರದರ್ಶನಕ್ಕೆ ಪೈಪು ಹಿಡಿದ ಕೈಯ ಒಂದು ಚಿತ್ರ ಕಳಿಸಿದ್ದರು. ಸಮಿತಿಯವರು ವಿಳಾಸ ನೋಡಿದರು, ಮೇಷ್ಟ್ರ ಮನೆ. "ಇದು ಮೇಷ್ಟ್ರ ಕೈ ತಾನೆ?" ಎಂದು ಕರೆಸಿ, ಎದುರಿಗೇ ಕೂರಿಸಿ, ಅದೇ ಚಿತ್ರವನ್ನು ಮತ್ತೆ ಬರೆಯಲು ಹೇಳಿದರು. ಚಿತ್ರ ತಿರಸ್ಕಾರವಾದರೆ ಹೋಗಲಿ. ಕಳ್ಳಿ ಅನ್ನಿಸಿಕೊಂಡ ಮೇಲೆ ಪೆನ್ಸಿಲು ಮುಟ್ಟುವುದು ಹೇಗೆ?

ತಮ್ಮ ಹೊರಗಿನ ಬೆಂಚಿನಲ್ಲಿದ್ದರು. "ಲೋಟ ಹಿಡಿದ್ರೆ ಅರ್ಧ ನೀರು ನೆಲಕ್ಕೆ ಚೆಲ್ಲೋ ಕೈ ಇದು. ಇಂಥ ಗೆರೆ ನಂದು ಅಂತಾರಲ್ಲ, ಬಾಯಿಗೆ ಸಕ್ಕರೆ ಹಾಕ್ಬೇಕು ಅವರಿಗೆ!"

ಅರ್ಧ ಗಂಟೆಯಲ್ಲಿ ಅಕ್ಕ ಬರೆದು ಮುಗಿಸಿದರು. ಸಮಿತಿಯ ಅಧ್ಯಕ್ಷರು ಎರಡನ್ನೂ ಪಕ್ಕಪಕ್ಕ ಹಿಡಿದರು. ಹೆಬ್ಬೆರಳಿನ ಬಾಗು ಬೇರೆ, ಪೈಪಿನ ಸುತ್ತು ಬೇರೆ. "ತಾಳೆ ಆಗ್ತಿಲ್ವಲ್ಲಮ್ಮ."

"ಆಗಬಾರದು ಸಾರ್. ಎರಡು ಸಹಿ ಕೂದಲೆಳೆ ವ್ಯತ್ಯಾಸ ಇಲ್ದೆ ಒಂದರ ಮೇಲೊಂದು ಕೂತ್ರೆ ನಾನು ಚೆಕ್ಕು ತಡೀತಿದ್ದೆ. ಅದು ಅಸಲಿ ಕೆಳಗಿಟ್ಟು ಮೇಲೆ ತಿದ್ದಿದ್ದು. ಆಕಾರ ಬಿಡಿ, ಗೆರೆ ಎಲ್ಲಿ ಒತ್ತಿದೆ, ಎಲ್ಲಿ ಸಡಿಲಿದೆ ನೋಡಿ." ಕೈಚೀಲದಿಂದ ಭೂತಗನ್ನಡಿ ತೆಗೆದು ಮುಂದಿಟ್ಟರು.

ಅಧ್ಯಕ್ಷರು ಬಗ್ಗಿದರು. ಎರಡರಲ್ಲೂ ಗೆರೆ ಮಣಿಕಟ್ಟಿನಲ್ಲಿ ಒತ್ತಿ, ಬೆರಳ ತುದಿಗೆ ಬರುತ್ತ ಉಸಿರಿನಷ್ಟು ಹಗುರಾಗಿತ್ತು. ಎರಡನ್ನೂ ಪ್ರದರ್ಶನಕ್ಕೆ ಎತ್ತಿಟ್ಟುಕೊಂಡರು.

ಈಗ ಎರಡೂ ಒಂದೇ ಗೋಡೆಯಲ್ಲಿವೆ. ಅಕ್ಕ ದಿನವೂ ಸಂಜೆ ಹೋಗಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ನೋಡುವವರನ್ನು ನೋಡುತ್ತಾರೆ. 'ಆಹಾ' ಎಂದವರ ಮೇಲೆ ಇವರಿಗಿನ್ನೂ ನಂಬಿಕೆಯಿಲ್ಲ.

"ಒಂದೇ ಆಸೆ ನಂಗೆ. ಯಾರಾದ್ರೂ ಅಲ್ಲಿ ನಿಂತು, ಇದು ನಿಜವಾಗ್ಲೂ ಒಬ್ಬರದೇ ಕೈಯಾ ಅಂತ ಕೇಳ್ಬೇಕು. ಹೊಗಳೋರು ಹೊಗಳಿ ಮುಂದೆ ಹೋಗ್ತಾರೆ. ಅನುಮಾನ ಪಡೋರು ಮಾತ್ರ ಪೂರ್ತಿ ನೋಡ್ತಾರೆ."