ಅರ್ಜಿ ವಾಪಸು ಕಳಿಸುವ ಚೆಲುವಯ್ಯ

ಸಾಕ್ಷಾತ್ ಶಿವನೇ ಅರ್ಜಿ ತಂದರೂ ಚನ್ನಪಟ್ಟಣದ ಕೋರ್ಟಿನ ಗುಮಾಸ್ತ ಚೆಲುವಯ್ಯ, “ಪ್ರಮಾಣಪತ್ರ ಎಲ್ಲಿ ಸ್ವಾಮಿ? ಎದುರು ಪಾರ್ಟಿಗೆ ನಕಲೆಲ್ಲಿ?” ಎಂದು ಹಿಂದಕ್ಕೆ ಕಳಿಸುವವನೇ. ಒಂದು ಸಹಿ ಕಮ್ಮಿಯಿದ್ದರಂತೂ ಹಬ್ಬದೂಟ ಸಿಕ್ಕವನಂತೆ ಅರಳುತ್ತಾನೆ. ವಿರೂಪಾಕ್ಷಿಪುರದ ಮುನಿರತ್ನಮ್ಮನನ್ನೂ ಎರಡು ಸಲ ಅಲೆಸಿದ್ದ. ಅತ್ತ ಅವಳ ಹಿಪ್ಪುನೇರಳೆ ತೋಟವನ್ನು ನಾಳೆಯೇ ಕೀಳಿಸುತ್ತೇನೆಂದು ದಾಯಾದಿ ನಿಂತಿದ್ದ. ಮೂರನೇ ಸಲ ಅವಳು ಅರ್ಜಿ ತಂದಾಗ ಚೆಲುವಯ್ಯ ಅದನ್ನು ಓದಿ, “ನಿಂಗೇನು ಬೇಕವ್ವ, ನಿನ್ ಬಾಯಲ್ಲೇ ಹೇಳು” ಎಂದ. “ತೀರ್ಪು ಬರೋಗಂಟ ತ್ವಾಟ ಕೀಳ್ಬಾರ್ದು ಸ್ವಾಮಿ, ಅಷ್ಟೆಯ.” “ಇದ್ರಲ್ಲಿ ಬರೀ ನೋಟಿಸ್ ಕೊಡಿ ಅಂತ ಐತೆ, ನೀ ಕೇಳ್ತಿರೋ ತಡೆಯಾಜ್ಞೆ ಮಾತೇ ಇಲ್ವಲ್ಲವ್ವ! ವಕೀಲ್ರ ತಾವ ತಿದ್ದುಸ್ಕಂಡು ಬಾ” ಎಂದವನು, ಅವಳು ಬರುವವರೆಗೆ ಊಟಕ್ಕೂ ಏಳದೆ ಕಾದ. ಸಂಜೆಗೆ ತಡೆಯಾಜ್ಞೆ ಸಿಕ್ಕಿತು. ಈಗ ಕೋರ್ಟಿನ ಜಗುಲಿಯಲ್ಲಿ ಯಾರಾದರೂ ಚೆಲುವಯ್ಯನನ್ನು ಬೈದರೆ ಮುನಿರತ್ನಮ್ಮ ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತಾಳೆ.