ಅತ್ತೆಯ ಕಾಫಿಗೆ ಪ್ರವೇಶವಿಲ್ಲ

ಸ್ನೇಹಿತರೇ, ಅನ್ನದ ಸೌಟು ಮೊಸರಿಗೆ ತಾಗಿದರೆ "ಮುಸುರೆ" ಎಂದು ಮದುವೆಯಾದಾಗಿನಿಂದ ನನ್ನನ್ನು ಗದರುತ್ತಿರುವ ನಮ್ಮ ಅತ್ತೆಗೆ ಇಂದು ಸಿಂಗಪುರದಲ್ಲಿ ಸರಿಸಮಾನರು ಸಿಕ್ಕರು.

ಮೈಸೂರಿನಿಂದ ಬಂದಿರುವ ಅವರಿಗೆ ರಾಫೆಲ್ಸ್ ಪ್ಲೇಸ್‌ನ ನನ್ನ ಆಫೀಸು ತೋರಿಸಲು ಹೋಗಿದ್ದೆ. ನನ್ನ ಯಹೂದಿ ಸಹೋದ್ಯೋಗಿ ಡೇನಿಯಲ್, ತಾನು ದಿನಾ ತಿನ್ನುವ ಬರ್ಗರ್ ಅಂಗಡಿಗೆ ನಮ್ಮನ್ನು ಕರೆದ. ಅತ್ತೆ ಮೊದಲು ಒಪ್ಪಲಿಲ್ಲ. ಅಲ್ಲಿ ಕಡಲೆಕಾಳಿನ ವಡೆಯೂ ಸಿಗುತ್ತದೆ, ಅದನ್ನು ಬೇರೆ ಎಣ್ಣೆಯಲ್ಲೇ ಕರಿಯುತ್ತಾರೆ ಎಂದು ತಿಳಿದ ಮೇಲೆ ಬಂದರು.

ವಡೆ ಹಿಡಿಸಿತು. ಅದೇ ಖುಷಿಯಲ್ಲಿ ಬ್ಯಾಗಿನಿಂದ ಫ್ಲಾಸ್ಕ್ ತೆಗೆದು ಫಿಲ್ಟರ್ ಕಾಫಿ ಬಗ್ಗಿಸಲು ಹೊರಟರು. ಡೇನಿಯಲ್ ಮೆಲ್ಲಗೆ ಕೈ ಅಡ್ಡ ಹಿಡಿದ.

"ಸಾರಿ ಆಂಟಿ, ಇದು ಮಾಂಸದ ಅಂಗಡಿ. ಒಳಗೆ ಹಾಲು ತರೋ ಹಾಗಿಲ್ಲ."

ಇಂಗ್ಲಿಷಿನಲ್ಲಿ ಅವನು ಹೇಳಿದ್ದನ್ನು ನಾನು ಕನ್ನಡದಲ್ಲಿ ಒಪ್ಪಿಸಿದೆ. ಅತ್ತೆಯ ಮುಖ ಕೆಂಪಾಯಿತು. "ಮಾಂಸ ಬೇಯ್ಸೋ ಜಾಗಕ್ಕೆ ನನ್ನ ಕಾಫಿ ಮೈಲಿಗೇನಾ?"

ಡೇನಿಯಲ್ ತಾಳ್ಮೆಯಿಂದ ವಿವರಿಸಿದ. ಅವರ ಧರ್ಮದಲ್ಲಿ ಹಾಲು, ಮಾಂಸ ಸೇರಬಾರದು; ಈ ಅಂಗಡಿಯೂ ಅದೇ ನಿಯಮದ್ದು. ಇಲ್ಲಿನ ಚೀಸ್‌ಬರ್ಗರ್‌ನ ಚೀಸ್ ಕೂಡ ತೆಂಗಿನೆಣ್ಣೆಯದು. ಅವನ ಮನೆಯಲ್ಲಿ ಎರಡಕ್ಕೂ ಬೇರೆ ಪಾತ್ರೆ, ಬೇರೆ ಸಿಂಕು.

ನಾನು ಹೇಳುತ್ತಾ ಹೋದಂತೆ ಅತ್ತೆಯ ಸಿಟ್ಟು ಇಳಿಯಿತು. ಫ್ಲಾಸ್ಕ್ ಮುಚ್ಚಿ ಒಳಗಿಟ್ಟರು.

"ಈ ಹುಡುಗನ್ನ ಅವರಮ್ಮ ಎಷ್ಟು ಚೆನ್ನಾಗಿ ಬೆಳೆಸಿದಾರೆ ನೋಡು. ಅವನ ಹೆಂಡ್ತೀನೂ ಇದನ್ನೆಲ್ಲ ಪಾಲಿಸ್ತಾಳಾ, ಕೇಳು."

ಕೇಳಿದೆ. "ನನಗಿಂತ ಅವಳೇ ಸ್ಟ್ರಿಕ್ಟ್" ಎಂದ ಡೇನಿಯಲ್. ಅತ್ತೆ ನನ್ನನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

ಈಗ ಬುಕಿತ್ ಪಂಜಾಂಗ್‌ನ ನಮ್ಮ ಫ್ಲ್ಯಾಟಿನಲ್ಲಿ, ಎರಡನೇ ಸಿಂಕು ಎಲ್ಲಿ ಕೂರಿಸಬಹುದೆಂದು ಅಡುಗೆಮನೆಯ ಗೋಡೆ ಅಳೆಯುತ್ತಿದ್ದಾರೆ. ಈ ಮನೆಯಲ್ಲಿ ಮಾಂಸ ಬೇಯುವುದೇ ಇಲ್ಲ ಎಂದು ನೆನಪಿಸುವ ಧೈರ್ಯ ನನಗಿಲ್ಲ.